ಶೇವಂತಿಯ ಹೆಸರಿನ ರಕ್ತ

ಕೊಳ್ಳೇಗಾಲ
೧೪ ಜೂನ್ ೧೯೬೧

ಚಿ. ಶೇವಂತಿಗೆ ಅಣ್ಣ ಯಮನಪ್ಪನ ಆಶೀರ್ವಾದಗಳು. ಅವ್ವನಿಗೆ ನನ್ನ ನಮಸ್ಕಾರ ಹೇಳು.

ಸುಖವಾಗಿ ಬಂದು ಮುಟ್ಟಿದೆ. ಹೈಸ್ಕೂಲು ದೊಡ್ಡದು. ಮೊದಲ ದಿನ ತರಗತಿಗೆ ಹೋಗಿ "ಕುಂದರ್ರಿ" ಎಂದೆ. ಇಡೀ ತರಗತಿ ನಕ್ಕಿತು. ಅಂದಿನಿಂದ ಕೈಸನ್ನೆಯಲ್ಲೇ ಕೂರಿಸುತ್ತೇನೆ. ಕನ್ನಡ ಕಲಿಸಲು ಬಂದವನ ಪಾಡು ನೋಡು.

ಇಲ್ಲಿ ರೂಮು ಕೇಳಿದರೆ ಮೊದಲು ಊರು ಯಾವುದು ಎನ್ನುತ್ತಾರೆ, ಆಮೇಲೆ ತಂದೆಯ ಹೆಸರು ಕೇಳುತ್ತಾರೆ, ಆಮೇಲೆ ರೂಮು ನಿನ್ನೆಯೇ ಹೋಯಿತು ಎನ್ನುತ್ತಾರೆ. ಸದ್ಯ ಸರಕಾರಿ ಹಾಸ್ಟೆಲಿನ ಒಂದು ಮೂಲೆಯಲ್ಲಿದ್ದೇನೆ.

ಹುಬ್ಬಳ್ಳಿ ದವಾಖಾನೆಯಲ್ಲಿ ಡಾಕ್ಟರು ಹೇಳಿದ್ದನ್ನು ಮತ್ತೊಮ್ಮೆ ಬರೆಯುತ್ತೇನೆ. ನಿನ್ನ ಕೊರಳಿನದು ಬರೀ ಗಂಟಲ್ಲ. ಅಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ. ಎದೆಬಡಿತ, ಬೆವರು, ಕೈ ನಡುಕ, ಕಣ್ಣು ಉಬ್ಬಿರುವುದು, ಉಂಡದ್ದು ಮೈಗೆ ಹತ್ತದಿರುವುದು, ಎಲ್ಲ ಅದರದೇ ಕಾಟ. ಗುಳಿಗೆ ತಪ್ಪಿಸಬೇಡ. ಹದಿನೈದು ದಿನಕ್ಕೊಮ್ಮೆ ಅಲ್ಲಿ ರಕ್ತ ತೆಗೆದು ನೋಡುವ ಗೌಸಮೊದ್ದೀನರ ಖೋಲಿಯಲ್ಲಿ ರಕ್ತ ಕೊಟ್ಟು, ಅವರು ಬರೆದುಕೊಡುವ ಚೀಟಿಯನ್ನು ಡಾಕ್ಟರಿಗೆ ತೋರಿಸಬೇಕು. ಚೀಟಿ ನೋಡದೆ ಅವರು ಮುಂದಿನ ಗುಳಿಗೆ ಬರೆಯುವುದಿಲ್ಲ.

ರಕ್ತ ಯಾಕೆ ಎಂದು ನೀನು ಬಸ್ಸಿನಲ್ಲಿ ಕೇಳಿದೆ. ಡಾಕ್ಟರು ಅವಸರದ ಇಂಗ್ಲಿಷಿನಲ್ಲಿ ಏನೋ ಹೇಳಿದ್ದರು. ಇನ್ನೊಮ್ಮೆ ಕೇಳೋಣವೆಂದು ಬಾಯಿ ತೆರೆದೆ, ಆದರೆ ಹಿಂದೆ ಜನ ನಿಂತಿದ್ದರು. ಬಿ.ಎ. ಆದವನು ತಿಳಿಯಲಿಲ್ಲ ಎನ್ನುವುದು ಹೇಗೆ ಎಂದು ಸುಮ್ಮನಾದೆ. ನನ್ನ ಸ್ವಭಾವ ನಿನಗೆ ಗೊತ್ತು. ಯಾಕೆಂದು ತಿಳಿಯದಿದ್ದರೂ ತಪ್ಪದೆ ಕೊಡು.

ನಿನ್ನ ಅಣ್ಣ
ಯಮನಪ್ಪ


ಬೆಂಗೇರಿ
೨೯ ಜೂನ್ ೧೯೬೧

ಅಣ್ಣಗ ಶೇವಂತಿ ಮಾಡುವ ನಮಸ್ಕಾರಗಳು.

ನಿನ್ನ ಪತ್ರ ಅವ್ವಗ ಓದಿ ಹೇಳಿದೆ. ರೂಮಿನ ಮಾತು ಬಿಟ್ಟು ಓದಿದೆ. ಅವ್ವ ಹತ್ತಿ ಗಿರಣಿಯಿಂದ ದಣದ ಬಂದಿರತಾಳ, ಅದನ್ಯಾಕ ಹೇಳೂದು.

ಗುಳಿಗಿ ತಗೊಳಾಕತ್ತೇನಿ. ಖಾದಿ ಕೇಂದ್ರದಾಗ ಚರಕಾದ ಮುಂದ ಕುಂತ್ರ ಕೈ ನಡಗಿ ಎಳಿ ಹರಿಯೂದ ಹರಿಯೂದು. ಬಾಜೂಕ ಕುಂದ್ರೂ ಸಾವಕ್ಕ ಸುಮ್ಮನಿರತಾಳೇನು? "ಏನ ಶೇವಂತಿ, ನೂಲ ತಗೀಯಾಕತ್ತಿಯೋ ಗಂಟ ಹಾಕಾಕತ್ತಿಯೋ? ಕಣ್ಣ ಅಷ್ಟ ದೊಡ್ಡವು ಮಾಡಿದ್ರೂ ಎಳಿ ಕಾಣವಲ್ದೇನ?" ಅಂತಾಳ. ಎಲ್ಲಾರೂ ನಗತಾರ. ನಾನೂ ನಗತೇನಿ. ಮನಿಗೆ ಬಂದು ಕನ್ನಡಿ ಮಾರಿ ಗ್ವಾಡಿ ಕಡೆ ತಿರುವಿ ಇಟ್ಟೇನಿ.

ರಕ್ತ ಕೊಡಾಕ ಹೋಗಿದ್ದೆ. ಗೌಸಮೊದ್ದೀನ ಮಾಮಾ ಛಲೋ ಮನಿಶ್ಯಾ, ಆದ್ರ ನನ್ನ ನರಾನ ಸಿಗವಲ್ದು. ಈ ತೋಳಿಗೆ ಚುಚ್ಚಿದ, ಆ ತೋಳಿಗೆ ಚುಚ್ಚಿದ. ಕಡೀಕ ಸೂಜ್ಯಾಗ ಕೆಂಪ ಬಂತು, ನನಗ ಕಣ್ಣಿಗೆ ಕತ್ತಲಿ ಬಂತು. ಎಚ್ಚರಾದಾಗ ಅವ್ವ ಬೈಯಾಕತ್ತಿದ್ಲು. "ಉಂಡದ್ದು ಮೈಗೆ ಹತ್ತವಲ್ದು ಅಂತ ಕರಕೊಂಡ ಬಂದ್ರ ಇದ್ದದ್ದೂ ಹೀರಾಕತ್ತೀರಲ್ರಿ! ಈ ಕಡ್ಡಿಯಾಗ ಎಷ್ಟ ರಕ್ತ ಇದ್ದೀತು?"

"ಯವ್ವಾ, ಇದು ಒಂದ ಚಮಚೆ" ಅಂದ ಮಾಮಾ.

"ನಿನಗ ಚಮಚೆ. ನಾ ಎಷ್ಟ ರೊಟ್ಟಿ ಬಡದ್ರ ಅಷ್ಟ ಆಗತೈತಿ ನನಗ ಗೊತ್ತು."

ಮಾಮಾ ತಂಬಿಗಿ ತಂದು ನನ್ನ ಮಾರಿಗೆ ನೀರ ಹೊಡದ.

ಅವ್ವ ನಿನಗ ಒಂದು ಮಾತ ಕೇಳಿ ಬರಿ ಅಂದಾಳ. ತಾಯಿ ರಕ್ತ, ಮಗಳ ರಕ್ತ ಒಂದ ಹೌದಲ್ಲೋ? ಓದಿದಾವಗ ಗೊತ್ತಿರತೈತಿ, ಕೇಳು ಅಂದ್ಲು. ಯಾಕ ಅಂದ್ರ ಹೇಳಲಿಲ್ಲ.

ಶೇವಂತಿ


ಕೊಳ್ಳೇಗಾಲ
೮ ಜುಲೈ ೧೯೬೧

ಚಿ. ಶೇವಂತಿಗೆ ಆಶೀರ್ವಾದಗಳು.

ಅವ್ವನ ಪ್ರಶ್ನೆ ಓದಿದೆ. ಅವತ್ತೇ ನಮ್ಮ ಶಾಲೆಯ ಒಬ್ಬ ಮಾಸ್ತರರ ಮನೆಗೆ ಪುಸ್ತಕ ತರಲು ಹೋಗಿದ್ದೆ. ನನ್ನನ್ನು ಹೊಸ್ತಿಲಿನ ಆಚೆಯೇ ನಿಲ್ಲಿಸಿ, ಲೋಟವನ್ನು ಕಟ್ಟೆಯ ಮೇಲಿಟ್ಟು ನೀರು ಕೊಟ್ಟರು. ಕುಡಿದೆ. ಹಾಸ್ಟೆಲಿಗೆ ಬಂದರೆ ನಿನ್ನ ಪತ್ರದಲ್ಲಿ ಈ ಪ್ರಶ್ನೆ.

ಅವ್ವನಿಗೆ ಹೇಳು: ಹೌದು, ಒಂದೇ. ನೀರು ಕೊಟ್ಟವರದೂ ಕುಡಿದವನದೂ ಒಂದೇ ಆಗಿರುವಾಗ ತಾಯಿಯದು ಬೇರೆ, ಮಗಳದು ಬೇರೆ ಆದೀತೇ? ನಿನ್ನ ಮೈಯಲ್ಲಿ ಹರಿಯುವುದು ಅವ್ವನ ರಕ್ತವೇ. ಈ ಸಾಲನ್ನು ಅವ್ವನಿಗೆ ಎರಡು ಸಲ ಓದಿ ಹೇಳು. ಓದು ಬಾರದ ಅವಳ ತಲೆಯಲ್ಲಿ ಇಂಥ ಪ್ರಶ್ನೆ ಎದ್ದದ್ದು ನೋಡಿ ನನಗೆ ಹೆಮ್ಮೆಯಾಯಿತು.

ಸೂಜಿಗೆ ಹೆದರಬೇಡ. ರಕ್ತ ಕೊಡುವಾಗ ಮುಖ ಆಚೆ ತಿರುಗಿಸಿಕೊಂಡು ಬೇರೇನಾದರೂ ಯೋಚಿಸು.

ನಿನ್ನ ಅಣ್ಣ


ಬೆಂಗೇರಿ
೨೪ ಜುಲೈ ೧೯೬೧

ಅಣ್ಣಗ ನಮಸ್ಕಾರ. ಕಾರ್ಡಿನ್ಯಾಗ ಜಾಗಾ ಇಲ್ಲ, ಥೋಡೆ ಬರೀತೇನಿ.

ನಿನ್ನ ಸಾಲು ಅವ್ವಗ ಎರಡ ಸಲ ಓದಿದೆ. ಮೂರನೇ ಸಲಾನೂ ಓದಿಸಿಕೊಂಡ್ಲು. ರಕ್ತದ ಕೆಲಸ ಆತು. ಚೀಟಿ ಛಲೋ ಐತಿ ಅಂದ್ರು ಡಾಕ್ಟರ ಸಾಹೇಬ್ರು. ಗೌಸಮೊದ್ದೀನ ಮಾಮಾಗ ಗದಗಕ್ಕ ಬದಲಿ ಆತು, ಹೊಸಬ ಬಂದಾನ. ಅವ್ವಗ ಈಗ ದವಾಖಾನಿ ಮ್ಯಾಲಿನ ಸಿಟ್ಟ ಹೋಗೇತಿ. ಹೋಗೋ ದಿನ ಜಳಕಾ ಮಾಡಿ, ಹಸರ ಇಲಕಲ್ಲ ಸೀರಿ ಉಟಗೊಂಡು, ಶೇಂಗಾ ಬೆಲ್ಲ ತಿಂದ ಹೊಂಡತಾಳ. ಅಲ್ಲಿ ಅಂಗಳದಾಗ ಒಂದ ಬೇವಿನ ಗಿಡ ಐತಿ, ನಾ ಅದರ ಕೆಳಗ ಕುಂದರತೇನಿ. ತಂಪ ಇರತೈತಿ.

ಶೇವಂತಿ


ಕೊಳ್ಳೇಗಾಲ
೩ ಆಗಸ್ಟ್ ೧೯೬೧

ಚಿ. ಶೇವಂತಿಗೆ,

ಚೀಟಿ ಚೆನ್ನಾಗಿದೆ ಎಂದು ತಿಳಿದು ಎದೆಯ ಮೇಲಿನ ಕಲ್ಲು ಇಳಿಯಿತು. ಈಗ ಸೂಜಿ ನೋವಾಗುತ್ತಿಲ್ಲವೇ? ಹೊಸಬನಿಗೆ ನರ ಬೇಗ ಸಿಗುತ್ತದೆಯೇ? ಅದರ ಬಗ್ಗೆ ನೀನು ಏನೂ ಬರೆಯಲಿಲ್ಲ. ಬರೆಯಲು ಮರೆಯಬೇಡ.

ಅಣ್ಣ


ಬೆಂಗೇರಿ
೨೦ ಆಗಸ್ಟ್ ೧೯೬೧

ಅಣ್ಣಗ ನಮಸ್ಕಾರ.

ಪಂಚಮಿ ಆತು. ಅವ್ವ ನಿನಗಂತ ಶೇಂಗಾ ಉಂಡಿ ಡಬ್ಬಿಯಾಗ ತಗದಿಟ್ಟಾಳ, ದಸರಾಕ್ಕ ಬರೂತನಕಾ ಯಾರೂ ಮುಟ್ಟಂಗಿಲ್ಲಂತ. ನಾ ಎರಡ ಮುಟ್ಟೇನಿ.

ನಿನಗ ಒಂದ ಖುಷಿ ಸುದ್ದಿ. ಈಗ ನನ್ನ ಎಳಿ ಹರಿಯೂದಿಲ್ಲ. ಕೈ ಮುಂದ ಚಾಚಿದ್ರ ಬೊಟ್ಟ ಸುಮ್ಮನ ನಿಲ್ಲತಾವು. ಎದಿ ಡವಡವ ಅನ್ನೂದಿಲ್ಲ. ಮೊನ್ನೆ ಒಂದ ಲಡಿ ನೂಲ ಪೂರ್ತಿ ನೂತೆ, ಒಂದೂ ಗಂಟಿಲ್ಲ. ಸಾವಕ್ಕ ಅದನ್ನ ಹಿಂದ ಮುಂದ ತಿರುವಿ ನೋಡಿ, "ಏನ ಶೇವಂತಿ, ಗಂಡ ನೋಡಾಕ ಬರೋ ಸುದ್ದಿ ಐತೇನ? ನೂಲಿಗೂ ಮೈ ಬಂದೈತಿ" ಅಂದ್ಲು. ನನಗೂ ಮೈ ಬಂದೈತಿ ಅಣ್ಣಾ, ಬಳಿ ಬಿಗಿ ಆಗ್ಯಾವು. ನನ್ನ ನೂಲಿಂದ ನಿನಗ ಒಂದ ಅಂಗಿ ಅರಿವಿ ನೇಯಿಸಬೇಕಂತ ಮಾಡೇನಿ. ಅದನ್ನ ತೊಟಗೊಂಡು ಸಾಲ್ಯಾಗ "ಕುಂದರ್ರಿ" ಅನ್ನು. ಯಾರ ನಗತಾರ ನೋಡೂಣು.

ಚೀಟಿ ಮತ್ತ ಛಲೋ ಬಂತು.

ಶೇವಂತಿ


ಕೊಳ್ಳೇಗಾಲ
೧೬ ಸೆಪ್ಟೆಂಬರ್ ೧೯೬೧

ಚಿ. ಶೇವಂತಿಗೆ ಆಶೀರ್ವಾದಗಳು.

ಕಾಲಿಗೆ ಮೊಳೆ ಚುಚ್ಚಿ ಕೀವಾಗಿತ್ತು. ಇಲ್ಲಿಯ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ವಯಸ್ಸಾದವರು, ಸಮಾಧಾನದವರು. ಕಾಲಿಗೆ ಪಟ್ಟಿ ಕಟ್ಟುವಾಗ, ಯಾವ ಧೈರ್ಯ ಬಂತೋ, ನಿನ್ನ ಗುಳಿಗೆಯ ಹೆಸರು ಹೇಳಿ, ಅದಕ್ಕೆ ರಕ್ತ ಯಾಕೆ ನೋಡುತ್ತಾರೆ ಎಂದು ಕೇಳಿದೆ. ಜೂನ್ ತಿಂಗಳಲ್ಲಿ ಕೇಳಬೇಕಾದ್ದನ್ನು ಈಗ ಕೇಳಿದೆ.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ರೋಗದ ಜೊತೆ ಕಾದಾಡುವ ಬಿಳಿ ಕಣಗಳು ನಮ್ಮ ರಕ್ತದಲ್ಲಿರುತ್ತವೆ. ಈ ಗುಳಿಗೆ ಒಳ್ಳೆಯದೇ. ಆದರೆ ಎಲ್ಲೋ ಕೆಲವರಲ್ಲಿ ಅದು ಆ ಬಿಳಿ ಕಣಗಳನ್ನೇ ಅಳಿಸಿಬಿಡುತ್ತದೆ. ಆಗ ಸಣ್ಣ ನಂಜೂ ಪ್ರಾಣಕ್ಕೆ ಬರುತ್ತದೆ. ಅದಕ್ಕೇ ರಕ್ತ ನೋಡುತ್ತಲೇ ಇರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು: ಗಂಟಲು ನೋವು, ಜ್ವರ ಅಥವಾ ಬಾಯಿಹುಣ್ಣು ಬಂದರೆ ಅದೇ ಗಳಿಗೆಗೆ ಗುಳಿಗೆ ನಿಲ್ಲಿಸಿ ದವಾಖಾನೆಗೆ ಓಡಬೇಕು. ಬೆಳಗಾಗಲಿ ಎಂದು ಕಾಯಬಾರದು.

ಕೇಳಿ ಹೆದರಿದೆ. ಆದರೆ ನಿನ್ನ ಚೀಟಿಗಳೆಲ್ಲ ಚೆನ್ನಾಗಿವೆ ಎಂದಾಗ ಡಾಕ್ಟರಮ್ಮ, "ಹಾಗಾದ್ರೆ ಯಾಕೆ ಹೆದರ್ತೀರಿ ಮೇಷ್ಟ್ರೆ? ಆ ಚೀಟಿಯೇ ನಿಮ್ಮ ತಂಗಿಗೆ ಕಾವಲು" ಎಂದು ನಕ್ಕರು. ಆ ಮಾತಿನ ಮೇಲೆ ಸಮಾಧಾನದಿಂದ ಇದ್ದೇನೆ. ಆದರೂ ಗಂಟಲಿನ ವಿಷಯ ಮರೆಯಬೇಡ.

ನಿನ್ನ ಅಣ್ಣ


ಬೆಂಗೇರಿ
೧೭ ಸೆಪ್ಟೆಂಬರ್ ೧೯೬೧

ಅಣ್ಣಗ ನಮಸ್ಕಾರ.

ನಿನ್ನ ಪತ್ರ ಬಂದು ಬಾಳ ದಿನಾ ಆತು. ಆರಾಮ ಅದಿಯಲ್ಲ?

ನನಗ ಥೋಡೆ ಗಂಟಲ ಹಿಡದೈತಿ. ಉಗುಳ ನುಂಗಿದ್ರೂ ಮುಳ್ಳ ಚುಚ್ಚಿದಂಗ ಆಗತೈತಿ. ಜ್ವರಾನೂ ಅದಾವು. ಹತ್ತಿ ಧೂಳಿಂದು ಅಂತಾಳ ಸಾವಕ್ಕ, ಉಂಡಿ ಕದ್ದ ತಿಂದದ್ದಕ್ಕ ಅಂತಾಳ ಅವ್ವ. ಅರಿಶಿಣ ಹಾಲ ಮಾಡಿ ಕೊಟ್ಲು, ನುಂಗಾಕ ಆಗಲಿಲ್ಲ. ಬಾಯಾಗ ಹುಣ್ಣ ಆಗ್ಯಾವು.

ದವಾಖಾನಿಗೆ ಹೋಗಿದ್ವಿ. ಡಾಕ್ಟರ ಸಾಹೇಬ್ರು ಗಂಟಲ ನೋಡಿ ಮಾರಿ ಸಣ್ಣದ ಮಾಡಿದ್ರು. ಲಗೂನ ರಕ್ತ ಕೊಟ್ಟ ಬರ್ರಿ ಅಂದ್ರು. ಚೀಟಿ ತಂದ ತೋರಿಸಿದ ಮ್ಯಾಲೆ, "ರಕ್ತ ಭಾಳ ಛಲೋ ಅದ, ಇದು ಹವಾದ ಗಂಟಲ" ಅಂದು ಉಪ್ಪನೀರ ಮುಕ್ಕಳಿಸಾಕ ಹೇಳಿದ್ರು. ಗುಳಿಗಿ ಬಿಡಬ್ಯಾಡ ಅಂದಾರ. ಒಂದೂ ಬಿಟ್ಟಿಲ್ಲ, ಪುಡಿ ಮಾಡಿ ನೀರಾಗ ಕಲಸಿ ತಗೊಳಾಕತ್ತೇನಿ.

ಮೂರ ದಿನಾ ಆತು ಚರಕಾ ಮುಟ್ಟಿಲ್ಲ. ನಿನ್ನ ಅಂಗಿ ಹಿಂದ ಬೀಳತೈತಿ.

ಶೇವಂತಿ


ಕೊಳ್ಳೇಗಾಲ
೨೦ ಸೆಪ್ಟೆಂಬರ್ ೧೯೬೧

ಶೇವಂತಿ,

ನಿನ್ನ ಪತ್ರ ಈಗ ಬಂತು. ಗುಳಿಗೆ ನಿಲ್ಲಿಸು. ಡಾಕ್ಟರು ತಗೋ ಅಂದಿದ್ದರೂ ನಿಲ್ಲಿಸು. ಮೊದಲು ಅದನ್ನು ಮಾಡಿ ಆಮೇಲೆ ಮುಂದಿನದನ್ನು ಓದು.

ಪತ್ರ ಹಿಡಿದುಕೊಂಡು ಡಾಕ್ಟರಮ್ಮನ ಮನೆಗೆ ಓಡಿದೆ. ಅವರು ಎರಡು ಸಲ ಓದಿದರು. ಲಕ್ಷಣಗಳೆಲ್ಲ ಅದರದೇ ಇವೆ, ಚೀಟಿ ಮಾತ್ರ ಒಪ್ಪುತ್ತಿಲ್ಲ, ಹೀಗಾಗುವುದಿಲ್ಲ ಎಂದರು. ನನ್ನ ಮುಖವನ್ನೇ ನೋಡುತ್ತ, "ನಿಮ್ಮ ತಂಗಿಯ ರಕ್ತವೇ ತಾನೆ?" ಎಂದರು. ಮತ್ತೆ ಯಾರದಾದೀತು ಎಂದೆ.

ಹಾಸ್ಟೆಲಿಗೆ ಬಂದು ನಿನ್ನ ಪತ್ರಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತೆ. ಮೊದಲ ಸಲ ಸೂಜಿಯ ಬಗ್ಗೆ ಎಷ್ಟು ಬರೆದಿದ್ದೀ! ನರ ಸಿಗಲಿಲ್ಲ, ಕತ್ತಲೆ ಬಂತು, ಬಿದ್ದೆ. ಆಮೇಲೆ ಒಂದು ಮಾತೂ ಇಲ್ಲ. ನಾನು ಕೇಳಿದೆ, ನೀನು ಉತ್ತರ ಕೊಡಲಿಲ್ಲ. ಅವ್ವ ಶೇಂಗಾ ಬೆಲ್ಲ ತಿಂದು ಹೊರಡುತ್ತಾಳೆ. ನೀನು ಬೇವಿನ ಗಿಡದ ಕೆಳಗೆ ಕೂತಿರುತ್ತೀ. ಅವ್ವ ನನ್ನನ್ನು ಆ ಪ್ರಶ್ನೆ ಯಾಕೆ ಕೇಳಿದಳು?

ಶೇವಂತಿ, ಸೂಜಿ ಯಾರ ತೋಳಿಗೆ ಚುಚ್ಚಾಕತ್ತಾರ?

ಹೆಡ್‌ಮಾಸ್ತರರು ರಜೆ ಕೊಡಲಿ ಬಿಡಲಿ, ನಾಳೆ ಮುಂಜಾನೆ ಹೊರಡುತ್ತೇನೆ. ತಂತಿಯನ್ನೂ ಕಳಿಸುತ್ತೇನೆ.

ಯಮನಪ್ಪ


ಬೆಂಗೇರಿ
೨೦ ಸೆಪ್ಟೆಂಬರ್ ೧೯೬೧

ಅಣ್ಣಾ,

ನಿನ್ನ ಹದಿನಾರನೇ ತಾರೀಖಿನ ಪತ್ರ ಇವತ್ತ ಬಂತು. ಆ ಚೀಟಿ ನಂದಲ್ಲ.

ಎರಡನೇ ಸಲ ಹೋದಾಗ ಬಾಗಲದಾಗನ ನನಗ ನಡಕ ಹತ್ತಿತು. ಅವ್ವ ನನ್ನ ಕೈಯಾಗಿನ ಹೆಸರಿನ ಕಾಗದ ತಗೊಂಡು, "ನೀ ಗಿಡದ ಕೆಳಗ ಕುಂದರ. ಒಂದ ಅಂತ ಯಮನಪ್ಪ ಬರದಾನಲ್ಲ" ಅಂದು ಒಳಗ ಹ್ವಾದ್ಲು. ಹೊಸಬ ಶೇವಂತೆವ್ವ ಅಂತ ಕೂಗಿದ, ಅವ್ವ ತೋಳ ಚಾಚಿದ್ಲು. ಹೊರಗ ಬಂದು, "ನೋಡ, ನಿಂದ ಕೊಟ್ಟ ಬಂದೆ. ಚಮಚೆ ಅಲ್ಲ, ಕೊಡಾ ಕೇಳಿದ್ರೂ ಕೊಡತೇನಿ" ಅಂತ ನಕ್ಲು. ಅಪ್ಪ ಸತ್ತ ಮ್ಯಾಲೆ ಅಕಿ ಹಂಗ ನಕ್ಕದ್ದ ನಾ ನೋಡಿರಲಿಲ್ಲ. ನನಗೂ ಸೂಜಿ ತಪ್ಪಿತ್ತು. ಸುಮ್ಮನಾದೆ. ರಕ್ತ ನೋಡೂದು ಬರೀ ದವಾಖಾನಿ ರೀತಿ ಅಂತ ತಿಳದಿದ್ದೆ ಅಣ್ಣಾ. ಗುಳಿಗಿ ಅಷ್ಟ ತಪ್ಪಬಾರದು ಅಂತ ತಿಳದಿದ್ದೆ.

ನಿನ್ನ ಪತ್ರ ಅವ್ವಗ ಓದಿದೆ. ಬಿಳಿ ಕಣದ ಮಾತು, ಗಂಟಲಿನ ಮಾತು ಬಿಟ್ಟು ಓದಿದೆ. ನಿನ್ನ ಕಾಲಿಗೆ ಮೊಳಿ ಚುಚ್ಚಿದ್ದು ಅಷ್ಟ ಹೇಳಿದೆ. ಅಯ್ಯ ನನ ಮಗನ ಅಂದು ಅತ್ಲು. ಇದು ಗೊತ್ತಾದ್ರ ಅಕಿ ಬದಕೂದಿಲ್ಲ. ಹೇಳದಿದ್ರ ನಾ ಬದಕೂದಿಲ್ಲ.

ಗುಳಿಗಿ ಒಲ್ಯಾಗ ಹಾಕಿದೆ. ಸಾವಕ್ಕಗ ಹೇಳಿ ಕಳಿಸೇನಿ, ಅಕಿ ಟಾಂಗಾ ತರತಾಳ. ಅವ್ವ ಆಗಲೇ ಹಸರ ಸೀರಿ ಉಟಗೋಳಾಕತ್ತಾಳ. ಅಕಿನ್ನ ಖೋಲಿ ಹೊರಗ ಹೆಂಗ ನಿಲ್ಲಿಸಲಿ?

ಕೈ ನಡಗತೈತಿ. ಇದು ಜ್ವರದ ನಡಕ.

ಶೇವಂತಿ


ದವಾಖಾನೆಯ ಪಡಸಾಲೆ, ಹುಬ್ಬಳ್ಳಿ
೨೫ ಸೆಪ್ಟೆಂಬರ್ ೧೯೬೧

ಶೇವಂತಿ,

ನಿನ್ನ ಖೋಲಿಯೊಳಗ ಯಾರನ್ನೂ ಬಿಡೂದಿಲ್ಲ. ನಮ್ಮ ಉಸಿರಿನಾಗಿನ ನಂಜೂ ನಿನಗ ತಾಕಬಾರದಂತ. ಅದಕ್ಕ ಹತ್ತ ಹೆಜ್ಜಿ ದೂರ ಕುಂತು ಪತ್ರ ಬರಿಯಾಕತ್ತೇನಿ, ನರ್ಸಬಾಯಿ ಓದಿ ಹೇಳತೇನಂದಾರ. ಇವತ್ತ ನನಗ ಪುಸ್ತಕದ ಭಾಷಾ ಬರವಲ್ದು.

ನೀ ಕೊಳ್ಳೇಗಾಲಕ್ಕ ಬರದ ಪತ್ರ ನನಗ ಸಿಕ್ಕಿಲ್ಲ, ನಾ ಹಾದ್ಯಾಗಿದ್ದೆ. ಸಾವಕ್ಕ ಎಲ್ಲಾ ಹೇಳಿದ್ಲು. ರಕ್ತ ತಗಿಯೋ ಖೋಲಿ ಬಾಗಲದಾಗ ನೀ ಅವ್ವನ್ನ ಹಿಂದ ನೂಕಿದೆಂತ, "ಇವತ್ತ ನಂದ ಬೇಕಂತ, ನೀ ಬರಬ್ಯಾಡ" ಅಂತ ಚೀರಿದೆಂತ. ಹೊಸಬ ಚೀಟಿ ಬರದು, ತಾನ ಓಡಿಕೋತ ಹೋಗಿ ಡಾಕ್ಟರಿಗೆ ಕೊಟ್ಟನಂತ.

ಡಾಕ್ಟರಿಗೆ ನಾನ ಎಲ್ಲಾ ಹೇಳಿದೆ. ಜೂನಿನ್ಯಾಗ ಬಾರದ ಮಾತು ಈಗ ಬಂತು. ಅವರು ಸಿಟ್ಟ ಮಾಡಲಿಲ್ಲ. ಹಳೇ ಚೀಟಿಗಳನ್ನ ತಗದು, ಒಂದೊಂದ ಮೇಜಿನ ಮ್ಯಾಲೆ ಇಟಗೋತ ಹೋದರು. "ಎರಡು ತಿಂಗಳು ನಾನು ನೋಡಿದ್ದು ನಿಮ್ಮ ತಾಯಿಯನ್ನೇ" ಅಂದರು.

ಪೆನಿಸಿಲಿನ್ ಕೊಡಾಕತ್ತಾರ. ನಿನಗ ಬ್ಯಾರೆದವರ ರಕ್ತ ಹಾಕಬೇಕಾಗಬಹುದು ಅಂದರು. ಅವ್ವ ಮಾತ ಮುಗಿಯೂದ್ರಾಗ ಎಡದ ತೋಳ ಏರಿಸಿಕೊಂಡು ನಿಂತ್ಲು. "ನಂದ ತಗೋರ್ರಿ. ಛಲೋ ಐತಂತ ನೀವ ಬರದ ಕೊಟ್ಟೀರಿ." ಅಕಿದೂ ನಂದೂ ತಗೊಂಡ ಹೋಗಿ ನೋಡಿದರು. ನಂದು ನಿನಗ ಹೊಂದತೈತಂತ. ಅವ್ವಂದು ಹೊಂದೂದಿಲ್ಲಂತ.

ಅವ್ವ ಏರಿಸಿದ ತೋಳ ಇಳಿಸಿದ್ಲು. ಆಮ್ಯಾಲೆ ನನ್ನ ಕಡೆ ನೋಡದ ಕೇಳಿದ್ಲು, "ನೀವಿಬ್ಬರೂ ಇದ ಹೊಟ್ಟೀಲೆ ಬಂದೀರಿ. ನಿಂದು ಹೊಂದತೈತಿ, ನಂದ್ಯಾಕ ಹೊಂದೂದಿಲ್ಲೋ?"

ರಕ್ತದಾಗ ಗುಂಪ ಇರತಾವಂತ, ತಾಯಿದು ಮಗಳದು ಬ್ಯಾರೆ ಇರಬಹುದಂತ ಅಂದೆ.

"ಹಂಗಾದ್ರ ನಾ ಇಷ್ಟ ದಿನಾ ಕೊಟ್ಟದ್ದು?" ಅಂದ್ಲು. ನಾ ಏನೂ ಅನ್ನೋ ಮುಂದನ ಅಕಿಗೆ ತಿಳೀತು. ಮಾರಿ ನೋಡಿದ್ರ ಗೊತ್ತಾತು, ತಿಳೀತಂತ. ಅಳಲಿಲ್ಲ. "ಒಂದ ಅಂತ ಬರದಿದ್ದೆಲ್ಲೋ ಯಮನಪ್ಪ" ಅಂದ್ಲು.

"ಬರದಿದ್ದೆ ಅವ್ವಾ" ಅಂದೆ.

ಅವಾಗಿಂದ ಬೇವಿನ ಗಿಡದ ಕೆಳಗ, ನೀ ಕುಂದ್ರತಿದ್ದ ಜಾಗಾದಾಗ ಕುಂತಾಳ. ನೀರ ಮುಟ್ಟವಲ್ಲಳು. ಕರದ್ರ ಒಳಗ ಬರವಲ್ಲಳು. ತಾ ಹತ್ರ ಬಂದ್ರ ನಿನಗ ಮತ್ತೇನರ ಆದೀತು ಅಂತಾಳ.

ಶೇವಂತಿ, ನೀ ಎದ್ದ ಕುಂದರ. ಅಕಿಗೆ ನಾ ಏನ ಹೇಳಿದ್ರೂ ಈಗ ಖರೇ ಅನಸೂದಿಲ್ಲ.

ಯಮನಪ್ಪ


(ಅದೇ ಪತ್ರದ ಬೆನ್ನಿಗೆ, ಪೆನ್ಸಿಲಿನಲ್ಲಿ)
೨೯ ಸೆಪ್ಟೆಂಬರ್

ಅಣ್ಣಾ,

ಇವತ್ತ ನಾನ ಬರೀತೇನಿ ಅಂದೆ. ನರ್ಸಬಾಯಿ ಪೆನ್ಸಿಲ ಕೊಟ್ರು. ನಾಕ ಸಾಲಿಗೆ ದಣವ ಆಗತೈತಿ.

ದಿನಾ ಸೂಜಿ ಚುಚ್ಚತಾರ. ನರಾ ಈಗೂ ಸಿಗೂದಿಲ್ಲ. ನಾ ಮಾರಿ ಆಚೆ ತಿರುವೂದಿಲ್ಲ, ನೋಡತೇನಿ. ಮೊನ್ನೆ ಚೀಟಿ ಬಾಳ ಕೆಟ್ಟಿತ್ತು. ನಿನ್ನೆನೂ ಹಂಗ ಇತ್ತು. ಇವತ್ತ ಬಿಳಿ ಕಣ ಒಂದೀಟ ಏರ್ಯಾವು ಅಂತ ಡಾಕ್ಟರ ಸಾಹೇಬ್ರು ಹೇಳಿದ್ರು. ಇನ್ನೂ ಹೆದರಿಕಿ ಐತಿ, ಹಿಂಗ ಏರಕೋತ ಹೋಗತಾವು ಅಂತ ಹೇಳಾಕ ಬರೂದಿಲ್ಲ ಅಂದ್ರು. ಅವ್ವಗ ಹಂಗ ಹೇಳು, ಬಿಟ್ಟ ಓದಬ್ಯಾಡ. ಕೆಟ್ಟ ಚೀಟಿ ಆದ್ರೂ ಇದು ನಂದು ಅಂತ ಹೇಳು.

ಅವ್ವನ ಬಲಗೈ ಸೆರಗಿನ್ಯಾಗ ಇರತೈತಿ, ನೀ ನೋಡಿರಲಿಕ್ಕಿಲ್ಲ. ಮೊಣಕೈ ಒಳಗ ಚುಚ್ಚಿ ಚುಚ್ಚಿ ಕಪ್ಪಾಗೇತಿ. ಮನ್ಯಾಗ ಕೊಬ್ಬರಿ ಎಣ್ಣಿ ಐತಿ. ದಿನಾ ಸಂಜೀಕ ನಾ ಹಚ್ಚತಿದ್ದೆ. ಇವತ್ತ ನೀ ಹಚ್ಚು. ಆಮ್ಯಾಲೆ ಕಿಡಿಕಿ ಹತ್ರ ಕರಕೊಂಡ ಬಾ, ಹೊರಗಿಂದ ನೋಡಲಿ.